ಆನೆ ಕಾಸಿನ ಇಸವಿ ಎತ್ತ ಕಡೆಯಿಂದ ಓದಬೇಕು?

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ, ಒಂದು ಬದಿಗೆ ಆನೆಯಿರುವ ತಾಮ್ರದ ಕಾಸೊಂದು ಸಿಕ್ಕಿದೆ. ಅದು ಟಿಪ್ಪು ಸುಲ್ತಾನನ ಕಾಲದ್ದೆಂದು ಮನೆಯ ಹಿರಿಯರು ಹೇಳುತ್ತಿದ್ದರು. ಆನೆಯ ಬೆನ್ನಿನ ಮೇಲಿರುವ ಅಂಕಿಗಳನ್ನು ಉರ್ದು ಬಲ್ಲ ಸ್ನೇಹಿತರೊಬ್ಬರು 8121 ಎಂದು ಓದಿದರು. ಮತ್ತೊಬ್ಬರು ಕಾಸನ್ನು ತಲೆಕೆಳಗಾಗಿ ಹಿಡಿದು 1217 ಎಂದರು. ಇವೆರಡರಲ್ಲಿ ಯಾವುದು ಸರಿ? (ಶ್ರೀರಂಗಪಟ್ಟಣದ ಓದುಗರೊಬ್ಬರು)

ಉತ್ತರ: ಎರಡೂ ಸರಿಯಲ್ಲ, ಆದರೆ ಇಬ್ಬರೂ ತಪ್ಪಿದ್ದು ಬೇರೆ ಬೇರೆ ಕಡೆ. ಮೊದಲು ಅಂಕಿಗಳ ರೂಪವನ್ನು ನೋಡೋಣ. ಅರಬ್ಬಿ ಮೂಲದ ಅಂಕಿಗಳಲ್ಲಿ ಒಂದೆಂದರೆ ಬರಿಯ ಉದ್ದ ಗೀಟು. ಅದರ ತಲೆಗೊಂದು ಕೊಕ್ಕೆ ಸೇರಿದರೆ ಎರಡು. ಏಳು, ಎತ್ತಿ ತೋರಿಸಿದ ಎರಡು ಬೆರಳುಗಳಂತೆ ಮೇಲಕ್ಕೆ ತೆರೆದಿರುತ್ತದೆ. ಎಂಟು ಅದನ್ನೇ ಬೋರಲು ಹಾಕಿದಂತೆ, ಹೆಂಚಿನ ಮನೆಯ ಮಾಡಿನ ಹಾಗೆ ಇರುತ್ತದೆ. ಆದುದರಿಂದ ಕಾಸು ತಲೆಕೆಳಗಾದರೆ ಎಂಟು ಏಳಾಗುತ್ತದೆ, ಅಂಕಿಗಳ ಸಾಲೂ ಹಿಂದುಮುಂದಾಗುತ್ತದೆ. ನಿಮ್ಮ ಎರಡನೆಯ ಸ್ನೇಹಿತರಿಗೆ 1217 ಕಂಡದ್ದು ಹೀಗೆ. ಎರಡರ ಕೊಕ್ಕೆ ಕೆಳಗೆ ಬಂದದ್ದನ್ನು ಗಮನಿಸಿದ್ದರೆ ಅವರಿಗೇ ಅನುಮಾನ ಬರುತ್ತಿತ್ತು. ಆನೆ ತನ್ನ ಕಾಲ ಮೇಲೆ ನಿಂತಿರುವಂತೆ ಕಾಸನ್ನು ಹಿಡಿಯುವುದೇ ಇದಕ್ಕೆ ಪರಿಹಾರ.

ಹಾಗೆ ಹಿಡಿದು ಓದಿದ ಮೊದಲನೆಯ ಸ್ನೇಹಿತರು ಅಂಕಿಗಳನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಅರಬ್ಬಿ, ಪಾರಸಿ, ಉರ್ದು ಬರಹಗಳಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಸಂಖ್ಯೆಗಳಲ್ಲಿ ಸಾವಿರದ ಸ್ಥಾನ ನಮ್ಮಲ್ಲಿರುವಂತೆ ಎಡತುದಿಯಲ್ಲೇ ಇರುತ್ತದೆ. ಆ ರೂಢಿಯ ಪ್ರಕಾರ ಅವರ 8121ರಲ್ಲಿ ದೋಷವಿಲ್ಲ. ರೂಢಿಯನ್ನು ಮುರಿದವನು ಟಿಪ್ಪು. ಆಳ್ವಿಕೆಯ ಮೊದಲ ವರ್ಷಗಳಲ್ಲಿ ಅವನ ನಾಣ್ಯಗಳ ಮೇಲೆ 1197ರಿಂದ 1200ರವರೆಗಿನ ಹಿಜರಿ ವರ್ಷಗಳು ವಾಡಿಕೆಯ ಕ್ರಮದಲ್ಲೇ ಇವೆ. 1787ರಲ್ಲಿ ಅವನು ಹಿಜರಿಯನ್ನು ಬಿಟ್ಟು, ಪೈಗಂಬರರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು 1215ನೆಯ ವರ್ಷದಿಂದ ಜಾರಿಗೆ ತಂದು, ಅಕ್ಷರಗಳು ಸಾಗುವ ದಿಕ್ಕಿನಲ್ಲೇ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದನು. ಆದುದರಿಂದ ನಿಮ್ಮ ಕಾಸಿನ ಮೇಲಿರುವುದು ಮೌಲೂದಿ 1218. ಈ ಶಕೆಯ ವರ್ಷಗಳು ಸೌರಮಾನಕ್ಕೆ ಹೊಂದಿಕೊಂಡು ನಡೆಯುತ್ತಿದ್ದುದರಿಂದ 572 ಕೂಡಿಸಿದರೆ ಸಾಕು, ಕ್ರಿಸ್ತಶಕ 1790 ಬರುತ್ತದೆ. ಶುದ್ಧ ಚಾಂದ್ರಮಾನದ ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಅಲ್ಲಿ ಇಷ್ಟು ಸುಲಭದ ಲೆಕ್ಕ ನಡೆಯುವುದಿಲ್ಲ. ಟಿಪ್ಪುವಿನ ಕಾಸಿನ ಇಸವಿಯನ್ನು ಎಡದಿಂದ ಓದಿದಾಗ ಕೊನೆಗೆ 21 ಬಂದರೆ, ಅದನ್ನು ಬಲದಿಂದ ಓದಬೇಕೆಂದೇ ತಿಳಿಯಿರಿ.

ಇನ್ನೊಂದು ಮಾತು. ಅರಬ್ಬಿಯ ಐದು ಥೇಟ್ ನಮ್ಮ ಸೊನ್ನೆಯಂತಿರುತ್ತದೆ, ಅದರ ಸೊನ್ನೆಯಾದರೋ ಬರಿಯ ಚುಕ್ಕಿ. ಪಾರಸಿ ಮತ್ತು ಉರ್ದು ಬರಹಗಳಲ್ಲಿ ನಾಲ್ಕು, ಐದು, ಆರರ ರೂಪಗಳು ಅರಬ್ಬಿಯವಕ್ಕಿಂತ ಬೇರೆ. ಹಳೆಯ ನಾಣ್ಯ ಕೊಳ್ಳುವವರು ಇಷ್ಟನ್ನಾದರೂ ತಿಳಿದಿರಬೇಕು.

ಪ್ರಶ್ನೆ: ನಮ್ಮಲ್ಲಿರುವ ತಮಿಳಿನ ಹಳೆಯ ಅಚ್ಚಿನ ಪುಸ್ತಕವೊಂದರಲ್ಲಿ ಪುಟಸಂಖ್ಯೆಯ ಜಾಗದಲ್ಲಿ ಅಕ್ಷರಗಳಿವೆ. ಕೆಲವು ಪುಟಗಳಲ್ಲಿ ಒಂದು, ಕೆಲವುಗಳಲ್ಲಿ ಮೂರು. ಇದೆಂತಹ ಲೆಕ್ಕ? (ಕೋಲಾರದ ಓದುಗರೊಬ್ಬರು)

ಉತ್ತರ: ಅವು ತಮಿಳಿನ ಅಂಕಿಗಳೇ. ತಮಿಳಿನ ಒಂದು ಅಲ್ಲಿನ ‘ಕ’ ಅಕ್ಷರದಂತೆಯೂ, ಎರಡು ‘ಉ’ದಂತೆಯೂ, ಏಳು ‘ಎ’ಯಂತೆಯೂ, ಎಂಟು ‘ಅ’ದಂತೆಯೂ ಇರುವುದರಿಂದ ನಿಮಗೆ ಅಕ್ಷರಗಳೆಂಬ ಭ್ರಮೆ ಉಂಟಾಗಿದೆ. ಗಮನಿಸಬೇಕಾದ ವ್ಯತ್ಯಾಸ ಮುಂದಿದೆ: ಆ ಹಳೆಯ ಕ್ರಮದಲ್ಲಿ ಸೊನ್ನೆಯಿಲ್ಲ, ಬದಲಿಗೆ ಹತ್ತು, ನೂರು, ಸಾವಿರಗಳಿಗೆ ಒಂದೊಂದು ಬೇರೆ ಚಿಹ್ನೆಯಿದೆ. ಇಪ್ಪತ್ತೈದನ್ನು ಬರೆಯಲು ಎರಡರ ಅಂಕಿ, ಹತ್ತರ ಚಿಹ್ನೆ, ಐದರ ಅಂಕಿ, ಹೀಗೆ ಮೂರನ್ನು ಸಾಲಾಗಿ ಇಡುತ್ತಾರೆ. ಹತ್ತಕ್ಕಾದರೆ ಹತ್ತರ ಚಿಹ್ನೆಯೊಂದೇ ಸಾಕು, ಹಿಂದೆ ಒಂದರ ಅಂಕಿ ಬೇಡ.

ಇದು ವಿಚಿತ್ರವೆನಿಸಿದರೆ ನಾವು ಬಾಯಲ್ಲಿ ಎಣಿಸುವುದನ್ನು ಒಮ್ಮೆ ಕೇಳಿಸಿಕೊಳ್ಳಿ. ‘ಇಪ್ಪತ್ತೈದು’ ಎಂಬ ಪದವನ್ನು ಬಿಡಿಸಿದರೆ ಸಿಗುವುದು ಎರಡು, ಹತ್ತು, ಐದು. ‘ನೂರಹತ್ತು’ ಎನ್ನುತ್ತೇವೆಯೇ ಹೊರತು ಅದರೊಳಗೆ ಸೊನ್ನೆಯನ್ನು ಉಚ್ಚರಿಸುವುದಿಲ್ಲ. ಹಳೆಯ ತಮಿಳು ಬರಹ ನುಡಿಯುವ ಕ್ರಮವನ್ನೇ ಕಣ್ಣಿಗೆ ಕಾಣಿಸುತ್ತದೆ. ಮಲಯಾಳದಲ್ಲಿಯೂ ಹಿಂದೆ ಇದೇ ಕ್ರಮವಿತ್ತು. ಮುಂದೆ ತಮಿಳು ಅಂಕಿಗಳನ್ನು ಸೊನ್ನೆಯೊಡನೆ ಸ್ಥಾನಬೆಲೆಯ ಕ್ರಮದಲ್ಲಿ ಬರೆಯುವುದೂ ರೂಢಿಗೆ ಬಂತು. ನಿಮ್ಮ ಪುಸ್ತಕದ ಹತ್ತನೆಯ ಪುಟವನ್ನು ತೆರೆದು ನೋಡಿ: ಒಂಟಿ ಚಿಹ್ನೆಯಿದ್ದರೆ ಹಳೆಯ ಕ್ರಮ, ಒಂದರ ಮುಂದೆ ಸೊನ್ನೆಯಿದ್ದರೆ ಹೊಸದು.

ಪ್ರಶ್ನೆ: ನಾನು ಬೆರಳಚ್ಚು ಮಾಡಿಟ್ಟ ಕಡತದಲ್ಲಿ ‘ಬೆಂಗಳೂರು’ ಎಂದು ಹುಡುಕಿದರೆ ಕೆಲವೆಡೆ ಮಾತ್ರ ಸಿಗುತ್ತದೆ, ಕಣ್ಣೆದುರಿಗಿದ್ದರೂ ಉಳಿದೆಡೆ ಸಿಗುವುದಿಲ್ಲ. ಕಾರಣವೇನು? (ಧಾರವಾಡದ ಓದುಗರೊಬ್ಬರು)

ಉತ್ತರ: ಸಿಗದಿರುವ ಕಡೆಗಳಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಬಿದ್ದಿರುವ ಸಂಭವವೇ ಹೆಚ್ಚು. ಕಣ್ಣಿಗೆ ಎರಡೂ ಒಂದೇ ವೃತ್ತ. ಯೂನಿಕೋಡಿನಲ್ಲಿ ಮಾತ್ರ ಅವುಗಳಿಗೆ ಬೇರೆ ಬೇರೆ ಸಂಕೇತಗಳಿವೆ. ಪದದ ಮೇಲೆ ಬಾಣದ ಕೀಲಿಯಿಂದ ಒಂದೊಂದೇ ಹೆಜ್ಜೆ ಸಾಗಿ ನೋಡಿ. ಅನುಸ್ವಾರವಿದ್ದರೆ ಕರ್ಸರ್ ‘ಬೆಂ’ ಎಂಬುದನ್ನು ಸಾಮಾನ್ಯವಾಗಿ ಒಂದೇ ನೆಗೆತಕ್ಕೆ ದಾಟುತ್ತದೆ. ‘ಬೆ’ ಆದ ಮೇಲೆ ಒಮ್ಮೆ ನಿಂತು ಮುಂದೆ ಹೋದರೆ ಅಲ್ಲಿರುವುದು ಸೊನ್ನೆ. ಆ ‘ಬೆ೦’ ಎಂಬುದನ್ನೇ ನಕಲು ಮಾಡಿ, ಕಡತದಲ್ಲೆಲ್ಲ ‘ಬೆಂ’ ಎಂದು ಬದಲಿಸಿಬಿಡಿ. ಸೊನ್ನೆಯೊಂದನ್ನೇ ಹಿಡಿದು ಬದಲಿಸಲು ಹೋದರೆ ೧೦, ೧೦೦ ಎಂದು ಬರೆದಿರುವುದೂ ಕೆಡುತ್ತದೆ.