‘ಮಾಸ್ಟರ್ ಸರಿಮಾಡ್ತಾರೆ ಬಿಡು’ ಅಂದರೆ ವಾದ ಮುಗಿಯಿತಾ?

ಪ್ರಶ್ನೆ: ನಾವು ಗೆಳೆಯರು ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕತೆ ಕಟ್ಟುವ ಆಟ ಇದು; ಆಟ ನಡೆಸುವವರು ಡಂಜನ್ ಮಾಸ್ಟರ್. ಪಾತ್ರ ಎತ್ತರದಿಂದ ಬಿದ್ದಾಗ ಆಗುವ ಡ್ಯಾಮೇಜ್ (ಪೆಟ್ಟು) ರೂಲ್ ಸರಿಯಿಲ್ಲ ಅಂದೆ. ‘ಡಂಜನ್ ಮಾಸ್ಟರ್ ಬದಲಾಯಿಸಿಕೊಳ್ಳಬಹುದಲ್ಲ, ರೂಲ್‌ನಲ್ಲಿ ತಪ್ಪೇನಿಲ್ಲ’ ಅಂತ ಎಲ್ಲರೂ ಬಾಯಿ ಮುಚ್ಚಿಸಿದರು. ‘ನೀನು ಬರೀ ಲೆಕ್ಕದವನು, ಪಾತ್ರ ಆಡೋಕೆ ಬರಲ್ಲ’ ಅಂತಲೂ ಅಂದರು. ನನ್ನದು ತಪ್ಪಾ?

ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿದೆ. 2014ರ ಐದನೇ ಆವೃತ್ತಿಯ ರೂಲನ್ನೇ ನೋಡಿ. ಬಿದ್ದ ಪ್ರತಿ 10 ಅಡಿಗೆ ಆರು ಮುಖದ ಒಂದು ಡೈಸ್, ಹೆಚ್ಚೆಂದರೆ 20 ಡೈಸ್. ಸರಾಸರಿ 70 ಡ್ಯಾಮೇಜ್. ಎಲ್ಲದರಲ್ಲೂ ಆರೇ ಬಿದ್ದರೂ 120. ಹಾಗಾಗಿ 130 ಹಿಟ್ ಪಾಯಿಂಟ್ (ಪಾತ್ರ ಎಷ್ಟು ಪೆಟ್ಟು ತಾಳಬಲ್ಲದು ಅನ್ನುವ ಲೆಕ್ಕ) ಇರುವ ಫೈಟರ್, ಅಂದರೆ ಯೋಧನ ಪಾತ್ರ, ಸಾವಿರ ಅಡಿ ಎತ್ತರದಿಂದ ಹಾರಿದರೂ ಸಾಯುವುದಿಲ್ಲ. ಹಾರುವ ಮೊದಲೇ ಅದು ಅವನಿಗೂ ಗೊತ್ತು!

ವೀರರ ಕತೆಗೆ ಇದೇ ಚೆಂದ ಅಂತ ಯಾರಾದರೂ ಹೇಳಿದರೆ ಅದು ವಾದ. ಕೂತು ಕೇಳೋಣ. ‘ಮಾಸ್ಟರ್ ಬದಲಾಯಿಸಬಹುದು’ ಅನ್ನುವುದು ನಿಜವೇ, ಆದರೆ ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಬದಲಾಯಿಸಬೇಕು ಅಂದಮೇಲೆ ಕೊರತೆ ಇದೆ ಅಂತ ಒಪ್ಪಿದ ಹಾಗಲ್ವಾ? ಇಂಥ ತಪ್ಪು ತರ್ಕವನ್ನು ಆಟಗಾರರು ಒಬೆರೋನಿ ಫ್ಯಾಲಸಿ ಅನ್ನುತ್ತಾರೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ, ಯಾಕೆಂದರೆ ಇದರ ಭಾರವೆಲ್ಲ ಹೊಸ ಮಾಸ್ಟರ್ ತಲೆ ಮೇಲೆ ಬೀಳುತ್ತದೆ. ಆಟಗಾರ ‘ಹಾರಿದೆ’ ಅಂದುಬಿಟ್ಟಿರುತ್ತಾನೆ, ಡೈಸ್ ಕೈಯಲ್ಲಿರುತ್ತದೆ, ಎಲ್ಲರೂ ಮಾಸ್ಟರ್ ಮುಖ ನೋಡುತ್ತಿರುತ್ತಾರೆ. ಆಗ ‘ನೀನು ಸತ್ತೆ’ ಅಂದರೆ ಅನ್ಯಾಯ. ಸುಮ್ನೆ ಬಿಟ್ಟರೆ ಕತೆಗೆ ಬೆಲೆಯಿಲ್ಲ.

ಲೆಕ್ಕದವನಿಗೆ ಪಾತ್ರ ಬರಲ್ಲ ಅನ್ನುವುದು ಸ್ಟಾರ್ಮ್‌ವಿಂಡ್ ಫ್ಯಾಲಸಿ. ಎರಡೂ ಬೇರೆ ಬೇರೆ ಕಲೆ, ಒಬ್ಬರಲ್ಲೇ ಎರಡೂ ಇರಬಹುದು. ಅಲ್ಲದೆ ನಿಮಗೆ ಪಾತ್ರ ಬರದಿದ್ದರೂ 120 ಅನ್ನುವ ಲೆಕ್ಕ ಬದಲಾಗುವುದಿಲ್ಲ.

ಒಂದು ಮಾತು ನಿಮಗೂ. ಅವರ ವಾದ ದಾರಿ ತಪ್ಪಿದೆ ಅಂದಮಾತ್ರಕ್ಕೆ ರೂಲ್ ಕೆಟ್ಟದ್ದು ಅಂತ ಸಾಬೀತಾಗಲಿಲ್ಲ. ಫ್ಯಾಲಸಿಯ ಹೆಸರು ಹೇಳಿ ಅವರ ಬಾಯಿ ಮುಚ್ಚಿಸಲು ಹೋಗಬೇಡಿ. ‘ಪುಸ್ತಕದಲ್ಲಿರುವ ಹಾಗೇ ಆಡಿದರೆ ನಿಮಗೆ ಖುಷಿಯಾಗುತ್ತಾ?’ ಅಂತ ಕೇಳಿ. ಹೌದು ಅಂದರೆ ಯಾಕೆ ಅಂತ ಕೇಳಿಸಿಕೊಳ್ಳಿ. ಇಲ್ಲ ಅಂದರೆ ಮುಂದಿನ ಆಟಕ್ಕೆ ಮೊದಲೇ ಎಲ್ಲರೂ ಕೂತು ನಿಮ್ಮ ಗುಂಪಿನದೇ ಹೌಸ್ ರೂಲ್ ಬರೆದಿಟ್ಟುಕೊಳ್ಳಿ.