ಮನೆಯಲ್ಲೇ ಕೂತು ಬೀಡಿ ಕಟ್ಟುವುದು ಹೆಂಗಸರಿಗೆ ಕಾರ್ಖಾನೆಗಿಂತ ಅನುಕೂಲವಲ್ಲವೇ?

ಅನುಕೂಲ ಇಲ್ಲವೆಂದು ಹೇಳುವುದಿಲ್ಲ. ನಮ್ಮ ಬಂಟ್ವಾಳದ ಕಡೆ ಬೀಡಿಯ ದುಡ್ಡಿನಲ್ಲೇ ಮಕ್ಕಳನ್ನು ಓದಿಸಿದ ಅಮ್ಮಂದಿರು ಎಷ್ಟೋ ಜನ, ನಮ್ಮಮ್ಮನೂ ಅವರಲ್ಲೊಬ್ಬರು. ಆದರೆ ಮಾಲೀಕರು ಕೆಲಸವನ್ನು ಮನೆಗೆ ಕಳಿಸಿದ್ದು ಹೆಂಗಸರ ಅನುಕೂಲ ನೋಡಿ ಅಲ್ಲ.

1966ರಲ್ಲಿ ಬೀಡಿ ಕಾರ್ಮಿಕರಿಗೆ ಕೆಲಸದ ಹಕ್ಕು ಕೊಡುವ ಕಾಯ್ದೆ ಬಂತು. 1968ರಲ್ಲಿ ಕೇರಳ ಅದನ್ನು ಜಾರಿಗೆ ತರಲು ಹೊರಟಾಗ ಮಂಗಳೂರಿನ ದೊಡ್ಡ ಮಾಲೀಕರು ಕಣ್ಣೂರಿನ ಕಡೆ ಬಾಗಿಲು ಮುಚ್ಚಿದರು. ಕೆಲಸ ಹೋದವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಶುರುವಾಯಿತು. ನಮ್ಮಲ್ಲಿ ಮಾತ್ರ ನಡುವೆ ಗುತ್ತಿಗೆದಾರ, ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳಲು ಊರೂರಿಗೆ ಬ್ರಾಂಚು, ಜಗಲಿಯಲ್ಲಿ ಕೆಲಸ ಎಂಬ ಪದ್ಧತಿಯೇ ಗಟ್ಟಿಯಾಯಿತು. ಆ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಎಣಿಸಿತ್ತು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿ ಹಿಡಿಯಿತು.

ಜಗಲಿಯಲ್ಲಿ ನಡೆಯುವುದನ್ನು ಸ್ವಲ್ಪ ನೋಡಿ. ಎಲೆ ನೆನೆಸಿ, ಬಟ್ಟೆಯಲ್ಲಿ ಸುತ್ತಿಟ್ಟು, ತಗಡಿನ ಅಳತೆ ಇಟ್ಟು ಒಂದೊಂದಾಗಿ ಕತ್ತರಿಸಬೇಕು. ಆಮೇಲೆ ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಮಜೂರಿ ಸಾವಿರ ಬೀಡಿಗೆ ಇಷ್ಟು ಅಂತ. ಕತ್ತರಿಸಿದ ಹೊತ್ತಿಗೆ ಬೇರೆ ಲೆಕ್ಕವಿಲ್ಲ, ಬೆನ್ನುನೋವಿಗಂತೂ ಇಲ್ಲವೇ ಇಲ್ಲ. ಕೊಟ್ಟ ಎಲೆಯಲ್ಲಿ ತೂತು, ಹರಕು ಹೆಚ್ಚಿದ್ದು ಲೆಕ್ಕಕ್ಕೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು. ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ "ಇದು ಆಗುದಿಲ್ಲ" ಎಂದು ತೆಗೆದಿಟ್ಟರೆ ಆ ಶ್ರಮವೂ ಹೋಯಿತು.

ನನಗೆ ತುಂಬ ಸಂಕಟವಾಗುವುದು ಪಿಎಫ್ ವಿಷಯದಲ್ಲಿ. ಅಮ್ಮನ ಹೆಸರಿನ ಬೀಡಿ ಲೆಕ್ಕದ ಪುಸ್ತಕಕ್ಕೇ ಅಕ್ಕ ಕಟ್ಟಿದ ಬೀಡಿಯೂ ಸೇರುತ್ತಿತ್ತು. ಶಾಲೆ ಬಿಟ್ಟು ಮದುವೆಯಾಗುವವರೆಗೂ ದುಡಿದ ಅಕ್ಕ ಯಾವ ದಾಖಲೆಯಲ್ಲೂ ಇಲ್ಲ. ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ತೋರಿಸಬೇಕು. ಅವಳು ಏನನ್ನು ತೋರಿಸಬೇಕು? ಕಾರ್ಖಾನೆಯಲ್ಲಾದರೆ ಹಾಜರಿ ಪುಸ್ತಕದಲ್ಲಿ ಹೆಸರಾದರೂ ಇರುತ್ತಿತ್ತು.

ಹೆಂಗಸರೆಲ್ಲ ಮನೆ ಬಿಟ್ಟು ಕಾರ್ಖಾನೆಗೆ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕಟ್ಟಿದರೂ ಕಟ್ಟಿದ ಕೈಗೆ ಹಕ್ಕು ಸಿಗಲಿ. ನಿಮ್ಮ ಮನೆಯಲ್ಲಿ ಇಬ್ಬರು ಕಟ್ಟುತ್ತಿದ್ದರೆ ಇಬ್ಬರ ಹೆಸರಲ್ಲೂ ಪುಸ್ತಕ ಕೇಳಿ, ಪಿಎಫ್ ಜಮಾ ಆಗುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಿ. ಬ್ರಾಂಚಿನವರು ಆಗುದಿಲ್ಲ ಎಂದರೆ ಯೂನಿಯನ್‌ನವರನ್ನು ಜೊತೆಗೆ ಕರೆದುಕೊಂಡು ಹೋಗಿ.