ಎಲ್ಲದಕ್ಕೂ ‘ಆಯ್ತು’ ಅನ್ನುವ ನಾನು ಇನ್ನು ಚಾಲಾಕಿ ಆಗಬೇಕೇ?

ಪ್ರಶ್ನೆ: ನನಗೆ 29 ವರ್ಷ. ಕುಶಾಲನಗರದ ಹತ್ತಿರ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೇಳೆ ಬಿಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸ್ಯಾಂಪಲ್ ರೂಮಿನಲ್ಲಿ (ಕಾಫಿಯ ಮಾದರಿ ಪರೀಕ್ಷಿಸುವ ಕೋಣೆ) ಆರು ವರ್ಷದಿಂದ ಇದ್ದೇನೆ. ಯಾರು ಏನು ಕೇಳಿದರೂ ‘ಆಯ್ತು’ ಅಂದುಬಿಡುತ್ತೇನೆ. ಜೊತೆಯವರ ತಿಂಗಳ ವರದಿ ನಾನೇ ಬರೆದುಕೊಡುತ್ತೇನೆ. ಹೊರಡುವ ಹೊತ್ತಿಗೆ ಮ್ಯಾನೇಜರ್ ಕೊಟ್ಟ ಕೆಲಸ ಮುಗಿಸಿ ಕೊನೆಯ ಬಸ್ಸು ಹಿಡಿಯುತ್ತೇನೆ. ಎರಡು ವರ್ಷದ ಹಿಂದೆ ಸೇರಿದವರೊಬ್ಬರು ಎದುರಿಗೆ ಹೊಗಳುತ್ತಾ, ಮ್ಯಾನೇಜರ್ ಹತ್ತಿರ ಒಂದು, ನಮ್ಮ ಹತ್ತಿರ ಇನ್ನೊಂದು ಹೇಳುತ್ತಾ, ನಾನು ಮಾಡಿದ್ದನ್ನು ತಮ್ಮದೆಂದು ತೋರಿಸುತ್ತಾ ಮುಂದೆ ಹೋಗುತ್ತಿದ್ದಾರೆ. ಸಂಬಂಧದಲ್ಲಿ ಮಾವ ಆಗಬೇಕಾದವರೊಬ್ಬರು ತಮ್ಮ ಕಾಫಿಯ ಮಾಯಿಶ್ಚರ್ (ತೇವಾಂಶ) ‘ಸ್ವಲ್ಪ ನೋಡಿ ಹಾಕು ಮಗಾ’ ಅನ್ನುತ್ತಾರೆ, ಅಂದರೆ ಇದ್ದದ್ದಕ್ಕಿಂತ ಕಡಿಮೆ ಬರೆಯಬೇಕಂತೆ. ಇದುವರೆಗೆ ಹಾಕಿಲ್ಲ, ಆಗೋದಿಲ್ಲ ಅಂತಲೂ ಹೇಳಿಲ್ಲ. ದೀಪಾವಳಿ ಕಳೆದ ಮೇಲೆ ಸೂಪರ್‌ವೈಸರ್ ಹುದ್ದೆಗೆ ಒಬ್ಬರನ್ನು ತೆಗೆದುಕೊಳ್ಳುತ್ತಾರಂತೆ. ಗೆಳತಿ ‘ನೀನೂ ಅವನ ಹಾಗೆ ಆಡೋದು ಕಲಿ’ ಅಂತ ವಿಡಿಯೊ ಕಳಿಸುತ್ತಾಳೆ. ಭಾನುವಾರ ರಾತ್ರಿಯಾದರೆ ಹೊಟ್ಟೆ ಹಿಂಡುತ್ತದೆ. ನಾನು ಬದಲಾಗಬೇಕೇ? ಆ ಸಹೋದ್ಯೋಗಿಯ ಜೊತೆ ಊಟಕ್ಕೆ ಕೂರುವುದನ್ನಾದರೂ ನಿಲ್ಲಿಸಲೇ? — ಹೆಸರು ಬೇಡ, ಕೊಡಗು

ಉತ್ತರ: ಬದಲಾಗಬೇಕು. ಆದರೆ ಗೆಳತಿ ತೋರಿಸುತ್ತಿರುವ ದಿಕ್ಕಿಗಲ್ಲ.

ನಿಮ್ಮ ‘ಆಯ್ತು’ ಮತ್ತು ಆ ಸಹೋದ್ಯೋಗಿಯ ಹೊಗಳಿಕೆ ಎರಡೂ ಪೂರ್ತಿ ಬೇರೆ ಎಂದು ನಿಮಗೆ ಅನಿಸಿದೆ. ನಿಮ್ಮ ಮನಸ್ಸಿನಲ್ಲಿ ಕಪಟವಿಲ್ಲ, ಅದು ಪತ್ರದಲ್ಲೇ ಕಾಣುತ್ತದೆ. ಆದರೂ ಮಾತನ್ನಷ್ಟೇ ತೂಗಿ ನೋಡಿದರೆ ಎರಡೂ ಕಡೆ ಒಂದೇ ನಡೆಯುತ್ತಿದೆ. ಒಳಗಿರುವುದು ಒಂದು, ಬಾಯಲ್ಲಿ ಬರುವುದು ಇನ್ನೊಂದು. ಎದುರಿನವರ ಮೂಡು ಕೆಡದಂತೆ ಕಾಯುವುದೇ ಗುರಿ. ಅವರು ಲಾಭಕ್ಕೆ ಮಾಡುತ್ತಾರೆ, ನೀವು ಭಯಕ್ಕೆ. ಹಾಗಾಗಿ ಇದನ್ನು ಬಿಟ್ಟು ಅದನ್ನು ಹಿಡಿದರೆ ಸಿಗುವುದು ಹೊಸ ವೇಷ ಮಾತ್ರ, ಭಾನುವಾರದ ಹೊಟ್ಟೆನೋವು ಹಾಗೇ ಇರುತ್ತದೆ.

ವಿಡಿಯೊಗಳ ವಿಷಯ ಬೇಗ ಮುಗಿಸುತ್ತೇವೆ. ಇಂಥವುಗಳಲ್ಲಿ ಬಹಳ ಓಡಿದ್ದು ಎರಡು ನಿಮಿಷ ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ನಿಲ್ಲುವ ಉಪಾಯ. 2010ರ ಒಂದು ಅಮೆರಿಕನ್ ಅಧ್ಯಯನದಿಂದ ಅದು ಹೆಸರಾಯಿತು. ಹಾಗೆ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ ಎಂದು ಅದರಲ್ಲಿತ್ತು. 2015ರಲ್ಲಿ 200 ಜನರ ಮೇಲೆ ಮತ್ತೆ ಪರೀಕ್ಷಿಸಿದಾಗ ಆ ಬದಲಾವಣೆ ಕಾಣಲಿಲ್ಲ. 2016ರಲ್ಲಿ ಮೊದಲ ಅಧ್ಯಯನದ ಲೇಖಕರಲ್ಲಿ ಒಬ್ಬರಾದ ಡಾನಾ ಕಾರ್ನಿ ಅವರೇ ಆ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ನೆಟ್ಟಗೆ ನಿಲ್ಲುವುದು ಒಳ್ಳೆಯದೇ, ಆದರೆ ಧೈರ್ಯ ಹುಟ್ಟುವುದು ಅಲ್ಲಿಂದಲ್ಲ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಹೇಳಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರು ಮಾಡಿದ್ದನ್ನು ನೋಡುವುದು, ಇತರರ ಪ್ರೋತ್ಸಾಹ, ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಅಂದರೆ ಚಿಕ್ಕದಾದರೂ ಸರಿ, ಮಾಡಿಯೇ ತೀರಬೇಕು.

ನಿಮಗೆ ಸಮಯ ಕೂಡಿಬಂದಿದೆ. ಈಗ ಕಕ್ಕಡ (ಕೊಡಗಿನ ಮಳೆಗಾಲದ ತಿಂಗಳು, ಜುಲೈ–ಆಗಸ್ಟ್), ಮಳೆ ಹಿಡಿದಿದೆ, ವರ್ಕ್ಸ್‌ಗೆ ಮಾಲು ಕಡಿಮೆ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ಹತ್ತು ವಾರಕ್ಕಿಂತ ಹೆಚ್ಚೇ ಇದೆ. ಕೊಯ್ಲು ಶುರುವಾಗಿ ಲಾರಿಗಳು ಸಾಲುಗಟ್ಟಿದ ಮೇಲೆ ಇದನ್ನೆಲ್ಲ ಕಲಿಯಲು ಹೊರಟರೆ ಆಗುವುದಿಲ್ಲ.

ಮೊದಲ ಎರಡು ವಾರ ಯಾರಿಗೂ ‘ಇಲ್ಲ’ ಹೇಳಬೇಡಿ. ಬರೆದಿಡಿ, ಅಷ್ಟೇ. ಒಂದು ಸಣ್ಣ ನೋಟುಪುಸ್ತಕದಲ್ಲಿ ನಾಲ್ಕು ಕಾಲಂ: ಯಾರು ಏನು ಕೇಳಿದರು, ಎಷ್ಟು ನಿಮಿಷ ಹೋಯಿತು, ನನ್ನ ಬಾಯಿಂದ ಏನು ಬಂತು, ನಿಜವಾಗಿ ಏನು ಹೇಳಬೇಕಿತ್ತು. ಹದಿನಾಲ್ಕನೆಯ ದಿನ ನಿಮಿಷಗಳನ್ನು ಕೂಡಿಸಿ. ‘ನನಗೆ ತುಂಬ ಕೆಲಸ’ ಎಂಬ ದೂರು ಮ್ಯಾನೇಜರ್ ಮುಂದೆ ನಿಲ್ಲುವುದಿಲ್ಲ. ‘ಎರಡು ವಾರದಲ್ಲಿ ಇನ್ನೊಬ್ಬರ ವರದಿಗೆ ಒಂಬತ್ತು ಗಂಟೆ ಕೊಟ್ಟಿದ್ದೇನೆ’ ಎಂಬುದು ನಿಲ್ಲುತ್ತದೆ. ಬರೆಯುತ್ತಾ ಹೋದಂತೆ ಇನ್ನೊಂದೂ ಕಾಣುತ್ತದೆ. ಎಲ್ಲರಿಗೂ ನೀವು ಒಂದೇ ಥರ ಹೆದರುವುದಿಲ್ಲ, ಇಬ್ಬರೋ ಮೂವರೋ ಇರುತ್ತಾರೆ.

ಮೂರನೆಯ ವಾರದಿಂದ ತಡೆದು ಉತ್ತರಿಸುವುದು. ನಿಮ್ಮ ‘ಆಯ್ತು’ ಯೋಚಿಸಿ ಬರುವುದಲ್ಲ, ಕೇಳಿದವರ ಮುಖ ನೋಡಿದ ಮೊದಲ ಕ್ಷಣದಲ್ಲೇ ಜಾರುವಂಥದ್ದು. ಆ ಕ್ಷಣ ದಾಟಲು ಒಂದೇ ವಾಕ್ಯ ಸಾಕು: ‘ಕೈಯಲ್ಲಿರೋದು ನೋಡಿ ಹತ್ತು ನಿಮಿಷದಲ್ಲಿ ಹೇಳ್ತೀನಿ.’ ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ; ನೀವಾಗಿಯೇ ಹೋಗಿ ಹೇಳಿ. ಹೇಳದೆ ತಲೆಮರೆಸಿಕೊಂಡರೆ ಅದೂ ಒಂದು ಆಟವೇ ಆಗಿಬಿಡುತ್ತದೆ.

ಇನ್ನು ‘ಇಲ್ಲ’ ಎನ್ನುವುದು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ನೋಟುಪುಸ್ತಕದಲ್ಲಿರುವ ಸಂದರ್ಭಗಳಿಗೆ ಒಂದರಿಂದ ಹತ್ತರವರೆಗೆ ಭಯದ ಅಂಕ ಹಾಕಿ. ಮ್ಯಾನೇಜರ್ ಒಂಬತ್ತಾದರೆ ಅಲ್ಲಿಂದ ಶುರು ಮಾಡಬೇಡಿ. ಮೂರು ಅಂಕದ್ದನ್ನು ಹಿಡಿಯಿರಿ, ನಾಲ್ಕೈದು ಸಲ ಮಾಡಿ, ಭಯ ಅರ್ಧಕ್ಕೆ ಇಳಿದ ಮೇಲೆ ಐದರದ್ದಕ್ಕೆ ಹೋಗಿ. ವಾಕ್ಯದಲ್ಲಿ ಮೂರು ಭಾಗ ಇರಲಿ: ಆಗುವುದಿಲ್ಲ, ಕಾರಣ ಒಂದು, ಏನು ಆಗುತ್ತದೆ ಎಂಬುದು. ‘ಈ ತಿಂಗಳ ವರದಿ ನನ್ನಿಂದ ಆಗೋದಿಲ್ಲ. ನನ್ನದೇ ಬಾಕಿ ಇದೆ. ಹೋದ ತಿಂಗಳ ಫೈಲ್ ಕಳಿಸ್ತೀನಿ, ಅದೇ ಮಾದರಿಯಲ್ಲಿ ನೀವು ಬರೆಯಬಹುದು.’ ಅಷ್ಟು ಹೇಳಿ ಬಾಯಿ ಮುಚ್ಚಿ. ನಂತರದ ನಾಲ್ಕು ಸೆಕೆಂಡಿನ ಮೌನ ನಿಮಗೆ ನಾಲ್ಕು ನಿಮಿಷವಾಗಿ ಕಾಣುತ್ತದೆ. ಅದನ್ನು ತುಂಬಲು ಹೋಗಿ ‘ಅಥವಾ ಅರ್ಧ ಮಾಡಿಕೊಡಲಾ?’ ಅಂದಿರೋ, ಮಾಡಿದ್ದೆಲ್ಲ ನೀರಿಗೆ ಹೋಯಿತು. ಕಾರಣ ಒಂದೇ ಸಾಕು. ಮೂರು ಕೊಟ್ಟರೆ ಎದುರಿನವರು ಅತಿ ದುರ್ಬಲವಾದದ್ದನ್ನು ಹಿಡಿದು ಎಳೆಯುತ್ತಾರೆ. ಬಸ್ಸಿನ ನೆಪ ಹೇಳಿದರೆ ‘ನಾನೇ ಬಿಟ್ಟುಬರ್ತೀನಿ’ ಅನ್ನುತ್ತಾರೆ, ಸುಳ್ಳು ಕಾರಣ ಕೊಟ್ಟಿದ್ದರೆ ನಾಳೆ ಅದನ್ನು ನೆನಪಿಟ್ಟುಕೊಳ್ಳುವ ಕಷ್ಟ ಬೇರೆ. ನಗುತ್ತಾ ‘ಇಲ್ಲ’ ಅಂದರೆ ಅದು ‘ಇನ್ನೊಮ್ಮೆ ಕೇಳಿ’ ಎಂದು ಕೇಳಿಸುತ್ತದೆ. ಮತ್ತೆ ಕೇಳಿದರೆ ಹೊಸ ಕಾರಣ ಹುಡುಕಬೇಡಿ, ಅದೇ ವಾಕ್ಯವನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ. ಮೊದಮೊದಲು ಮಾತು ಒರಟಾಗಿ ಬರಬಹುದು, ಯಾರಾದರೂ ‘ಯಾಕೋ ಬದಲಾಗಿಬಿಟ್ರಿ’ ಅನ್ನಲೂಬಹುದು. ಆರು ವರ್ಷ ಅವರು ಬೇರೆಯದನ್ನು ಕೇಳಿಕೊಂಡು ಬಂದಿದ್ದಾರೆ, ಅಷ್ಟು ಅಚ್ಚರಿ ಸಹಜ.

ಮಾವನವರ ಮಾತು ಮಾತ್ರ ಈ ಅಂಕಗಳ ಲೆಕ್ಕದೊಳಗೆ ಬರುವುದಿಲ್ಲ. ಅದಕ್ಕೆ ಅಭ್ಯಾಸ ಆಗಲಿ ಎಂದು ಕಾಯಬೇಡಿ, ಮುಂದಿನ ಭೇಟಿಯಲ್ಲೇ ಹೇಳಿ. ರೊಬಸ್ಟಾ ಚೆರಿಯ (ಹಣ್ಣನ್ನು ಹಾಗೇ ಒಣಗಿಸಿದ ರೊಬಸ್ಟಾ ಕಾಫಿ) ಮಾಯಿಶ್ಚರ್ 11 ಪರ್ಸೆಂಟ್ ಮೀರಬಾರದು ಎಂಬುದು ನಿಮಗೆ ಗೊತ್ತೇ ಇದೆ. 13 ಇದ್ದದ್ದನ್ನು 11 ಎಂದು ಬರೆದರೆ ಗೋದಾಮಿನಲ್ಲಿ ತೂಕ ಇಳಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಕೊನೆಗೆ ಹುಡುಕಿದಾಗ ಆ ಚೀಟಿಯ ಮೇಲಿರುವುದು ನಿಮ್ಮ ಸಹಿ. ಇಂದು ಮಾಯಿಶ್ಚರ್ ಆದರೆ ನಾಳೆ ಔಟ್‌ಟರ್ನ್. ಅಂದರೆ 50 ಕೆಜಿ ಮೂಟೆಯಿಂದ ಎಷ್ಟು ಬೇಳೆ ಬರುತ್ತದೆ ಎಂಬ ಲೆಕ್ಕ, ಕೆಜಿಗೆ ಒಂದು ಪಾಯಿಂಟ್. ಪಾಯಿಂಟಿಗೆ 300 ರೂಪಾಯಿ ಎಂದಿಟ್ಟುಕೊಂಡರೂ, 100 ಮೂಟೆಗೆ ಒಂದೇ ಒಂದು ಪಾಯಿಂಟ್ ಏರಿಸುವುದು ಅಂದರೆ 30,000 ರೂಪಾಯಿ. ಅದು ಯಾರದೋ ಜೇಬಿನಿಂದಲೇ ಹೋಗಬೇಕು. ನೀವು ‘ಆಗೋದಿಲ್ಲ’ ಎನ್ನದಿರುವುದನ್ನು ಅವರು ಒಪ್ಪಿಗೆ ಎಂದೇ ತಿಳಿದಿರುತ್ತಾರೆ. ಹೀಗೆ ಹೇಳಿ: ‘ಮಾವ, ಮೀಟರ್ ತೋರಿಸಿದ್ದನ್ನೇ ಬರೆಯೋದು. ನಿಮಗೆ ಅನುಮಾನ ಇದ್ರೆ ನಿಮ್ಮೆದುರೇ ಬೇರೆ ಮೂಟೆಗಳಿಂದ ಸ್ಯಾಂಪಲ್ ತೆಗೆದು ಇನ್ನೊಮ್ಮೆ ನೋಡ್ತೀನಿ. ಜಾಸ್ತಿ ಬಂದ್ರೆ ಇನ್ನೆರಡು ದಿನ ಕಣದಲ್ಲಿ ಒಣಗಿಸಿ ತನ್ನಿ.’ ನಮ್ಮದು ಚಿಕ್ಕ ಜಿಲ್ಲೆ; ಇವತ್ತು ಬೇಡ ಅಂದವರನ್ನು ಮುಂದಿನ ಮದುವೆ ಮನೆಯಲ್ಲಿ ನೋಡಲೇಬೇಕು. ಅವರು ಒಂದಷ್ಟು ದಿನ ಮುಖ ತಿರುಗಿಸಿದರೆ ಸಹಿಸಬೇಕಾಗುತ್ತದೆ. ನೀವು ಮಾತ್ರ ಎಂದಿನಂತೆ ಮೊದಲು ಮಾತಾಡಿಸಿ.

ಈಗ ಆ ಸಹೋದ್ಯೋಗಿ. ಅವರ ಬಗ್ಗೆ ಬೇರೆಯವರ ಹತ್ತಿರ ಮಾತಾಡುವುದನ್ನು ಇಂದೇ ನಿಲ್ಲಿಸಿ. ಅದು ತಿರುಗಿ ಅವರ ಕಿವಿಗೆ ಬೀಳುತ್ತದೆ, ಬಿದ್ದಾಗ ಮೂಲಕ್ಕಿಂತ ದೊಡ್ಡದಾಗಿರುತ್ತದೆ. ನಿಮ್ಮ ಕೆಲಸ ಅವರ ಕೈಯಿಂದ ಹೋಗುವ ದಾರಿಯನ್ನೇ ಮುಚ್ಚಿ: ದಿನದ ಸ್ಯಾಂಪಲ್ ಪಟ್ಟಿಯನ್ನು ಸಂಜೆ ನೀವೇ ಮ್ಯಾನೇಜರ್‌ಗೆ ಕಳಿಸಿ, ಕೆಳಗೆ ನಿಮ್ಮ ಹೆಸರು ಇರಲಿ. ಮತ್ತೆ ಹಾಗಾದರೆ ಮೊದಲು ಅವರೊಬ್ಬರ ಹತ್ತಿರವೇ ಮಾತು, ವಿಷಯ ಒಂದೇ: ‘ಸೋಮವಾರದ 40 ಸ್ಯಾಂಪಲ್ ನಾನು ಮಾಡಿದ್ದು. ಮೀಟಿಂಗಿನಲ್ಲಿ ನೀವು ಮಾಡಿದ್ದು ಅಂತ ಆಯ್ತು. ಮುಂದಿನ ಸಲ ಹೆಸರು ಹೇಳಿ.’ ‘ನೀವು ಯಾವಾಗಲೂ ಹೀಗೇ’ ಎಂದು ಸೇರಿಸಬೇಡಿ. ಸೇರಿಸಿದರೆ 40 ಸ್ಯಾಂಪಲ್ ಬಿಟ್ಟು ಸ್ವಭಾವದ ಜಗಳ ಶುರುವಾಗುತ್ತದೆ. ಆಮೇಲೂ ಆದರೆ ಮೀಟಿಂಗಿನಲ್ಲೇ, ದನಿಯೇರಿಸದೆ, ‘ಅದು ನಾನು ಮಾಡಿದ್ದು, ಅದರ ವಿವರ ನಾನು ಹೇಳ್ತೀನಿ’ ಎಂದು ವಿವರಕ್ಕೆ ಹೋಗಿ. ಮಾಡಿದವರ ಹತ್ತಿರ ಮಾತ್ರ ಇರುವ ವಿವರ ಕೊಡಿ: ಯಾವ ಲಾಟಿನಲ್ಲಿ ಕಪ್ಪು ಬೇಳೆ ಜಾಸ್ತಿ ಇತ್ತು, ಯಾವುದನ್ನು ಎರಡನೇ ಸಲ ಪರೀಕ್ಷಿಸಿದಿರಿ.

ಹೊಗಳುವುದೇ ತಪ್ಪೇ ಎಂದು ಕೇಳಬಹುದು. ಅಲ್ಲ. ನಯ, ಮರ್ಯಾದೆ, ಬಂದವರಿಗೆ ಕಾಫಿ ಕೊಡದೆ ಕಳಿಸದ ನಮ್ಮ ಪದ್ಧತಿ, ಯಾವುದನ್ನೂ ಬಿಡಬೇಕಾಗಿಲ್ಲ. ನಯಕ್ಕೂ ಆಟಕ್ಕೂ ವ್ಯತ್ಯಾಸ ತಿಳಿಯಲು ಒಂದು ಪರೀಕ್ಷೆ ಇಟ್ಟುಕೊಳ್ಳಿ: ‘ನಾನು ಇದನ್ನು ಯಾಕೆ ಹೇಳುತ್ತಿದ್ದೇನೆ’ ಎಂಬುದು ಎದುರಿನವರಿಗೆ ಪೂರ್ತಿ ಗೊತ್ತಾದರೂ ಈ ಮಾತು ನಡೆಯುತ್ತದೆಯೇ? ನಡೆದರೆ ಹೇಳಿ. ಮೆಚ್ಚಿಗೆ ಹೇಳುವಾಗ ನಿರ್ದಿಷ್ಟವಾಗಿ ಹೇಳಿ, ಮತ್ತು ಅದೇ ದಿನ ಅವರಿಂದ ಏನನ್ನೂ ಕೇಳಬೇಡಿ.

ಸೂಪರ್‌ವೈಸರ್ ಹುದ್ದೆ ಬೇಕು ಎಂದು ನೀವು ಮ್ಯಾನೇಜರ್‌ಗೆ ಬಾಯಿಬಿಟ್ಟು ಹೇಳಿದ್ದೀರಾ? ಪತ್ರದಲ್ಲಿ ಎಲ್ಲೂ ಇಲ್ಲ. ಒಳ್ಳೆಯ ಕೆಲಸ ತಾನಾಗಿ ಕಾಣುತ್ತದೆ ಎಂದು ಕಾದವರು ಬಹಳ ಜನ; ಮ್ಯಾನೇಜರ್‌ಗೆ ಕಂಡಿರುವುದು ಯಾವತ್ತೂ ಬೇಡ ಅನ್ನದ, ಏನನ್ನೂ ಕೇಳದ ಒಬ್ಬ ಸಹಾಯಕಿ. ಸೆಪ್ಟೆಂಬರ್ ಕೊನೆಯೊಳಗೆ ಹತ್ತು ನಿಮಿಷ ಸಮಯ ಕೇಳಿ. ಒಂದೇ ಹಾಳೆ ಒಯ್ಯಿರಿ: ಕಳೆದ ಸೀಸನ್‌ನಲ್ಲಿ ಎಷ್ಟು ಲಾಟ್ ನೋಡಿದಿರಿ, ಎಷ್ಟು ದೂರು ಬಂತು, ಯಾವ ತಪ್ಪನ್ನು ಮೊದಲೇ ಹಿಡಿದಿರಿ, ಯಾರಿಗೆ ಕೆಲಸ ಕಲಿಸಿದಿರಿ. ನಿಮಗೆ ಇನ್ನೂ ಬಾರದ ಒಂದು ವಿಷಯವನ್ನೂ, ಅದನ್ನು ಹೇಗೆ ಕಲಿಯುತ್ತೀರಿ ಎಂಬುದನ್ನೂ ಬರೆಯಿರಿ. ಬಾರದ್ದನ್ನು ಬರುತ್ತದೆ ಎನ್ನಬೇಡಿ, ಬರುವುದನ್ನು ‘ಏನೋ ಸ್ವಲ್ಪ’ ಎಂದೂ ಅನ್ನಬೇಡಿ. ‘ಈ ಹುದ್ದೆಗೆ ನನ್ನನ್ನು ಪರಿಗಣಿಸಬೇಕು. ಯಾವ ತಾರೀಖಿಗೆ ತೀರ್ಮಾನ ಆಗುತ್ತೆ, ಸರ್?’ ಎಂದು ಕೇಳಿ ತಾರೀಖು ಬರೆದುಕೊಳ್ಳಿ. ಹಿಂದಿನ ರಾತ್ರಿ ಇದನ್ನು ಮನೆಯಲ್ಲಿ ಗಟ್ಟಿಯಾಗಿ ಐದು ಸಲ ಹೇಳಿ ನೋಡಿ. ಮನಸ್ಸಿನಲ್ಲಿ ಸಲೀಸಾಗಿ ಬರುವ ವಾಕ್ಯ ಬಾಯಲ್ಲಿ ಎಲ್ಲಿ ತಡವರಿಸುತ್ತದೆ ಎಂಬುದು ಆಗಲೇ ಗೊತ್ತಾಗುವುದು.

ಇಷ್ಟು ಮಾಡಿದರೂ ಹುದ್ದೆ ಆ ಸಹೋದ್ಯೋಗಿಗೇ ಹೋಗಬಹುದು. ಹೋದರೆ ನಿಮ್ಮಲ್ಲಿ ಏನು ಕಡಿಮೆ ಬಿತ್ತು ಎಂದು ಕೇಳಿ. ಮ್ಯಾನೇಜರ್‌ಗೆ ಉತ್ತರವೇ ಇಲ್ಲದಿದ್ದರೆ ಆ ಹಾಳೆಯನ್ನೇ ಹಿಡಿದು ಬೇರೆ ವರ್ಕ್ಸ್‌ನಲ್ಲಿ ವಿಚಾರಿಸಿ. ‘ಇಲ್ಲ’ ಅಂದದ್ದಕ್ಕೆ ಯಾರಾದರೂ ಬೆದರಿಸಿದರೆ, ರಜೆ ಅಥವಾ ಸಂಬಳ ಹಿಡಿದರೆ, ದಿನಾಂಕ ಸಹಿತ ಬರೆದಿಟ್ಟುಕೊಳ್ಳಿ.

ಹೊಟ್ಟೆನೋವು ಆರೇಳು ವಾರದಲ್ಲಿ ಇಳಿಯದಿದ್ದರೆ, ಅಥವಾ ನಿದ್ದೆಯೂ ಹೋಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಊಟದ ಪ್ರಶ್ನೆ: ಆ ಸಹೋದ್ಯೋಗಿಯ ಜೊತೆ ಕೂರುವುದನ್ನು ಬಿಡಬೇಡಿ. ದೂರ ಹೋಗಿ ಕೂತರೆ ಏನೋ ಮುಚ್ಚಿಟ್ಟ ಹಾಗಾಗುತ್ತದೆ, ನೀವು ಹೇಳಬೇಕಾದ್ದನ್ನು ನೇರವಾಗಿ ಹೇಳಿರುತ್ತೀರಲ್ಲ. ಡಬ್ಬಿ ಬಿಚ್ಚಿ, ಮಳೆಯ ಮಾತಾಡಿ. ವರದಿಯ ಮಾತು ಬಂದರೆ ‘ಊಟ ಆಗಲಿ, ಟೇಬಲ್ಲಿಗೆ ಬನ್ನಿ’ ಅನ್ನಿ.